ನನ್ನ ಗಲ್ಲದೊಳಗ ಕಂಡ ಹಸಿರು

ನನ್ನ ಬಾಯಾಗ ಗಿಡ ಹುಟ್ಟಿರಲಿಲ್ಲ. ದವಡಿ ಹಲ್ಲಿನ ಹಿಂದ ಎಲಿಯ ಚೂರು ಸಿಕ್ಕೊಂಡಿತ್ತು. ಬೀದರಿನಾಗ ಅವತ್ತು ಆದದ್ದು ಇಷ್ಟ. ಉಳಿದದ್ದೆಲ್ಲ ಮಂದಿ ಕೂಡಿಸಿದ್ದು.

ನಮ್ಮ ಭಾಲ್ಕಿ ಓಣ್ಯಾಗ ಈ ಸುದ್ದಿ ಈಗ ನಮೂನಿ ನಮೂನಿ ತಿರಗಲಕತ್ತದ. ಒಬ್ಬಾಕಿ, ಆ ಮುದಕಿ ರಕ್ತನೇ ಹಸಿರು ಅದ ಅಂತಾಳ. ಇನ್ನೊಬ್ಬಾಕಿ, ಮಶಿನ್ ಕೆಟ್ಟಿತ್ತು ಅಂತಾಳ. ಹಾಲಿನವ ಅಂತೂ ನನ್ನ ಕಂಡಾಗೆಲ್ಲ, "ಆಯಿ, ಇವತ್ತ ಬುಡಕ್ಕ ನೀರು ಹಾಕ್ಕೊಂಡಿ ಇಲ್ಲ?" ಅಂತ ಕೇಳ್ತಾನ. ನೀರು ಹಾಕೂ ಮಾತು ಹಾಲಿನವ ಎತ್ತಬಾರದು. ಅದನ್ನ ಅವನ ಮಾರಿ ಮ್ಯಾಲೇ ಹೇಳೀನಿ.

ಆದ್ರೂ ಆ ದಿನ ನೆನಪಾದ್ರ ಈಗೂ ನನ್ನ ಹೊಟ್ಟ್ಯಾಗ ನಗಿ ಕುದ್ದು ಉಕ್ಕಿ ಬರ್ತದ. ರೊಟ್ಟಿ ತಟ್ಟಕೋತ ಒಬ್ಬಾಕಿನೇ ನಗ್ತೇನಿ. ನೋಡಿದವರು ಮುದಕಿಗಿ ಏನೋ ಆಗ್ಯಾದ ಅನ್ಬೇಕು. ಆಗ್ಯಾದ ಖರೇ.

ನನ್ನ ಮಗಳನ್ನ ಔರಾದಕ್ಕ ಕೊಟ್ಟೀವಿ. ಆಕಿ ಮಗಳು, ನನ್ನ ಮೊಮ್ಮಗಳು, ಈಗ ನನ್ನ ಹತ್ರ ಭಾಲ್ಕ್ಯಾಗ ಇದ್ದು ಒಂಬತ್ತನೇತ್ತ ಓದ್ತಾಳ. ನನಗ ಆಯಿ ಅಂತಾಳ. ನಮ್ಮ ಕಡಿ ಅಜ್ಜಿಗಿ ಹಂಗೇ ಅನ್ನೂದು. ಮನ್ಯಾಗ ಆಕಿ ಬಾಯಿ ಅಂದ್ರ ಹಿಟ್ಟಿನ ಗಿರಣಿ. ಕರೆಂಟ್ ಹೋದ್ರೂ ನಿಂದ್ರಂಗಿಲ್ಲ. ಆದ್ರ ಹೊಸ್ತಲ ದಾಟಿದಳೋ, ಮುಗೀತು. ಅಂಗಡ್ಯಾಗ ಸಕ್ಕರಿ ಕೇಳಬೇಕಂದ್ರೂ ಬೊಟ್ಟು ಮಾಡಿ ತೋರಸ್ತಾಳ.

ಹೋದ ವರ್ಷ ಔರಾದಿನ ಸಾಲ್ಯಾಗ ಆಕಿಗಿ ಸ್ಟೇಜ್ ಮ್ಯಾಲ ನಿಂದ್ರಸಿದ್ರು. "ಮಾನ್ಯ" ಅಂದಳು. ಮುಂದಿನ ಮಾತು ಗಂಟಲದಾಗೇ ಉಳೀತು. ಮತ್ತ "ಮಾನ್ಯ" ಅಂದಳು. ಆಮ್ಯಾಲ ಬಾಯಿ ತೆರಕೊಂಡು ನಿಂತಳು, ಅಷ್ಟ. ಅವತ್ತಿಂದ ಹುಡುಗೂರು ಆಕಿಗಿ "ಮಾನ್ಯ ಬಂತು, ಮಾನ್ಯ ಹೋತು" ಅಂತ ಕಾಡಿಸಿ ಕಾಡಿಸಿ ಸಾಲಿನೇ ಬಿಡೂ ಹಂಗ ಮಾಡಿದ್ರು. ಮಗಳು ಫೋನ್ ಮಾಡಿ ಅತ್ತಳು. ನಾ ಅಂದೆ, "ಅಳೂದು ಆಮ್ಯಾಲ ಅಳು. ಮೊದಲ ಹುಡುಗಿನ್ನ ಇಲ್ಲಿ ಕಳಸು." ಹಂಗ ಬಂದಾಕಿ ಆಕಿ.

ಈ ವರ್ಷ ಭಾಲ್ಕಿ ಸಾಲಿ ಮಾಸ್ತರ್ ಬೀದರಿನ ವಿಜ್ಞಾನ ಪ್ರದರ್ಶನಕ್ಕ ಆಕಿ ಹೆಸರು ಬರಕೊಂಡರು. ಜೀವಕೋಶದ ಮ್ಯಾಲ ಮಾತಾಡಬೇಕು, ಸೂಕ್ಷ್ಮದರ್ಶಕದಾಗ ತೋರಸಬೇಕು. ಸೂಕ್ಷ್ಮದರ್ಶಕಕ್ಕ ನಾ ದುರ್ಬೀನು ಅಂತೇನಿ. ಆ ದೊಡ್ಡ ಹೆಸರು ಹೇಳೂದ್ರಾಗ ನನ್ನ ರೊಟ್ಟಿ ಸೀತದ. ಔರಾದಿನ ಆ ಹುಡುಗೂರೂ ಅಲ್ಲಿಗಿ ಬರಾವರಿದ್ದರು. ಅದು ಗೊತ್ತಾದ ಸಂಜಿಕ ಹುಡುಗಿ ಒಲಿ ಮುಂದ ಬಂದು ಕುಂತಳು.

"ಆಯಿ, ಈ ಸಲನೂ ಮಾತು ಹೊರಡಲಿಲ್ಲ ಅಂದ್ರ ನಾ ಇನ್ನ ಯಾವತ್ತೂ ಎದ್ದು ನಿಂದ್ರಂಗಿಲ್ಲ. ಕ್ಲಾಸಿನ್ಯಾಗ ಕೈ ಸೈತ ಎತ್ತಂಗಿಲ್ಲ. ಖರೇ ಹೇಳ್ತೇನಿ."

ಆಕಿ ಮಾರಿ ನೋಡಿದೆ. ಅಂದದ್ದು ಮಾಡಾಕಿನೇ ಆಕಿ. ನಮ್ಮ ಮನಿತನದ ಹಠ ಅದ ಆಕಿಗಿ, ಎಲ್ಲಿ ಹೋಗ್ತದ?

"ನನ್ನ ಜೋಡಿ ಮಾತಾಡ್ತಿಯಲ್ಲ, ಅದು ಹ್ಯಾಂಗ ಹೊರಡ್ತದ?"

"ನೀ ಆಯಿ ಇದ್ದಿ."

"ಹಂಗಾದ್ರ ನಾನೇ ಬರ್ತೇನಿ ಬೀದರಿಗಿ. ನೀ ನನಗ ಹೇಳು. ಅವರು ಕೇಳಿದ್ರ ಕೇಳ್ಲಿ, ಬಿಟ್ರ ಬಿಡ್ಲಿ."

ಆಕಿ ಕಣ್ಣು ಅರಳಿದವು. "ಆಯಿ, ನಿನ್ನ ಗಲ್ಲ ಕೊಡ್ತಿಯೇನು?"

ಗಲ್ಲ ಕೊಡೂದು ಅಂದ್ರ ಹಿಂಗ. ಬಾಯಿ ಮುಕ್ಕಳಿಸಿ, ಗಲ್ಲದ ಒಳಗ ಒಂದು ಕಡ್ಡಿಲೆ ಮೆಲ್ಲಕ ಕೆರದು, ಹತ್ತಿದ್ದನ್ನ ಗಾಜಿನ ಮ್ಯಾಲ ಸವರಿ, ನೀಲಿ ಬಣ್ಣದ ಹನಿ ಬಿಟ್ಟು, ಮ್ಯಾಲ ತೆಳ್ಳನ ಗಾಜಿನ ಚೂರು ಮುಚ್ಚಿ ನೋಡೂದು. ಅಲ್ಲಿ ಮನಷ್ಯಾರ ಕೋಶ ಕಾಣ್ತಾವಂತ. ಬಾಜೂಕ ಉಳ್ಳಾಗಡ್ಡಿ ಸಿಪ್ಪಿ ಇಟ್ಟು ಗಿಡದ ಕೋಶ ತೋರಸೂದು. ಎರಡೂ ಹ್ಯಾಂಗ ಬ್ಯಾರೆ, ಹ್ಯಾಂಗ ಒಂದೇ ಅಂತ ಹೇಳೂದು.

ಅಲ್ಲಿಂದ ನಮ್ಮ ಅಡಗಿಮನಿ ಸಾಲಿ ಆತು. ನಾ ಮೂರನೇತ್ತಕ್ಕೇ ಸಾಲಿ ಬಿಟ್ಟಾಕಿ. ನನಗ ಮೈ ಅಂದ್ರ ಮೈ, ಎಲುಬು ಅಂದ್ರ ಎಲುಬು. ಅದರೊಳಗ ಮತ್ತೇನು ಅದ ಅಂತ ಕೇಳಾಕ ನನಗ ಪುರಸೊತ್ತು ಎಲ್ಲಿತ್ತು?

"ಆಯಿ, ನಿನ್ನ ಮೈ ಪೂರಾ ಸಣ್ಣ ಸಣ್ಣ ಮನಿಗೋಳಿಂದ ಆಗ್ಯಾದ. ಕಣ್ಣಿಗಿ ಕಾಣಂಗಿಲ್ಲ, ಅಷ್ಟು ಸಣ್ಣವು."

"ಯಾರು ಕಟ್ಟ್ಯಾರ?"

"ಯಾರೂ ಇಲ್ಲ. ಅವೇ ಆಗ್ತಾವ. ಒಂದು ಸೀಳಿ ಎರಡಾಗ್ತದ, ಎರಡು ಸೀಳಿ ನಾಲ್ಕಾಗ್ತಾವ."

"ಬಾಡಗಿ ಯಾರು ಕೊಡ್ತಾರ?"

"ಆಯೀ!"

"ಅಲ್ಲ, ಬೀಗರು ಬಂದ್ರ ಮರುದಿನಾನೇ ಬಸ್ಸಿನ ಟೈಮ್ ಹೇಳಾಕಿ ನಾ. ನನಗ ಕೇಳದ ಇಷ್ಟು ಮಂದಿ ಒಳಗ ಕುಂತಾರ ಅಂದ್ರ ಕೇಳಬಾರದೇನು?"

ಹುಡುಗಿ ನಕ್ಕೋತ ಹೇಳಿದಳು. ಹರ ಮನಿಗೂ ಸುತ್ತ ತೆಳ್ಳಂದು ಪೊರಿ ಅದ, ಕೋಶಪೊರಿ. ಅದು ಎಲ್ಲರಿಗೂ ಒಳಗ ಬಿಡಂಗಿಲ್ಲ. ನೀರು ಸರಳ ಹೋಗಿ ಬರ್ತದ. ಉಪ್ಪು ಬಂತು, ಸಕ್ಕರಿ ಬಂತು ಅಂದ್ರ ತಮ್ಮ ತಮ್ಮ ಬಾಗಲದಾಗೇ ಬರಬೇಕು. ಬ್ಯಾಡಾದದ್ದು ಹೊರಗ.

"ಅಂದ್ರ ನಾ ಕಟ್ಟಿ ಮ್ಯಾಲ ಕುಂತಂಗ," ಅಂದೆ. "ಯಾರು ಬಂದ್ರಿ, ಯಾಕ ಬಂದ್ರಿ, ಚಪ್ಪಲಿ ಅಲ್ಲೇ ಬಿಡ್ರಿ."

ಹುಡುಗಿ ರೊಟ್ಟಿ ತುಣುಕು ಕೈಯಾಗ ಹಿಡಕೊಂಡು ಕುಣದಳು. "ಹೌದು ಆಯಿ! ನೀ ಕೋಶಪೊರಿ ಇದ್ದಿ!"

ನನ್ನ ಜನ್ಮದಾಗ ಯಾರೂ ನನಗ ಇಷ್ಟು ದೊಡ್ಡ ಹೆಸರು ಕೊಟ್ಟಿರಲಿಲ್ಲ.

ಆಮ್ಯಾಲ ನಡುವಿನ ಗುಂಡಗಿಂದು, ಕೋಶಕೇಂದ್ರ. ಅದೇ ಮಿದುಳೇನು ಅಂತ ಕೇಳಿದೆ. ಅಲ್ಲಂತ. ಮಿದುಳೇ ಕೋಶದಿಂದ ಆಗ್ಯಾದಂತ. ಹಂಗಾದ್ರ ಗೌಡ ಇರಬೇಕು ಅಂದೆ. ಅದೂ ಪೂರಾ ಹೊಂದಲಿಲ್ಲ, ಗೌಡ ಪಡಸಾಲ್ಯಾಗ ಕುಂತು ಹುಕುಂ ಮಾಡ್ತಾನ, ಆದ್ರ ಅಡಗಿ ಅವಗ ಗೊತ್ತಿರಂಗಿಲ್ಲ. ಕೋಶಕೇಂದ್ರದಾಗ ಇಡೀ ಮೈಯ ಅಡಗಿ ಮಾಡೂ ರೀತಿನೇ ಅದ. ಅದು ಹೊರಗ ಬರಂಗಿಲ್ಲ. ಬೇಕಾದಷ್ಟು ನಕಲು ಮಾಡಿ ಹೊರಗ ಕಳಸ್ತದ. ಹೊರಗ ರೈಬೋಸೋಮ್ ಅನ್ನೂ ಸಣ್ಣ ಸಣ್ಣ ಕಾಳಿನಂಥವು ಅದನ್ನ ನೋಡ್ಕೊಂಡು ಮಾಡಿ ಇಡ್ತಾವ.

"ಗೊತ್ತಾತು," ಅಂದೆ. "ನಮ್ಮತ್ತಿ."

ನಮ್ಮತ್ತಿ ಕಡಿ ಕಡೀಗಿ ಒಳಗಿನ ಖೋಲಿ ಬಿಟ್ಟು ಹೊರಗ ಬರ್ತಿದ್ದಿಲ್ಲ. ಉಪ್ಪಿನಕಾಯಿ ಹದ ಪೂರಾ ಆಕಿ ತಲ್ಯಾಗ. ಯಾರಿಗೂ ಪೂರಾ ಹೇಳ್ತಿದ್ದಿಲ್ಲ. "ಈಗ ಮೆಂತೆ ಹುರೀಲಿ," "ಈಗ ಖಾರ ಹಾಕಲಿ" ಅಂತ ಬೇಕಾದಷ್ಟೇ ಮಾತು ಹೊರಗ ಬರ್ತಿತ್ತು. ನಾವು ಸೊಸ್ತ್ಯಾರು ಅಡಗಿಮನ್ಯಾಗ ರೈಬೋಸೋಮ್. ಆಕಿ ಇಲ್ಲದ ಮ್ಯಾಲ ಆ ಹದ ಯಾರಿಗೂ ಬರಲಿಲ್ಲ. ಕೋಶ ನಮ್ಮತ್ತಿಗಿಂತ ಶಾಣೇದು. ಸೀಳಿ ಎರಡಾಗೂ ಮೊದಲ ರೀತಿ ಪೂರಾ ಇನ್ನೊಂದು ಪ್ರತಿ ಮಾಡಿ, ಇಬ್ಬರಿಗೂ ಒಂದೊಂದು ಕೊಡ್ತದ.

ಆದ್ರ ನನಗ ಹುಚ್ಚು ಹಿಡಿಸಿದ್ದು ಮೈಟೋಕಾಂಡ್ರಿಯಾ. ಆ ಹೆಸರು ನನ್ನ ನಾಲಿಗ್ಯಾಗ ಕುಂದ್ರಲಿಕ್ಕೆ ಒಂದು ವಾರ ಹಿಡೀತು. ಪುಸ್ತಕದಾಗ ಅದಕ್ಕ ಶಕ್ತಿಯ ಕೇಂದ್ರ ಅಂತ ಬರದಾರ.

"ಕರೆಂಟ್ ಸ್ಟೇಶನ್ ಇದ್ದಂಗ ಆಯಿ."

"ಮಧ್ಯಾಹ್ನದಾಗ ಹೋಗ್ತದೇನು ಅಲ್ಲೂ?"

"ಹೋಗಂಗಿಲ್ಲ. ಹೋದ್ರ ನೀ ಇರಂಗಿಲ್ಲ. ನೀ ತಿಂದ ರೊಟ್ಟಿ, ನೀ ಎಳಕೊಂಡ ಉಸಿರು, ಎರಡೂ ಅಲ್ಲಿಗೇ ಹೋಗಿ ಮುಟ್ತಾವ. ಅಲ್ಲಿ ಬೆಂಕಿ ಇಲ್ಲದ ಬೆಂಕಿ ಅದ."

"ಒಲಿ ಅನ್ನು, ಸರಳ."

"ಒಲಿ. ಮತ್ತ ಕೇಳು ಆಯಿ, ಈ ಒಲಿ ಅವ್ವನ ಕಡಿಂದ ಅಷ್ಟೇ ಬರ್ತದ. ಅಪ್ಪಂದು ಬರಂಗಿಲ್ಲ."

ನಾ ತಟ್ಟೂ ಕೈ ನಿಲ್ಲಿಸಿದೆ. "ನಿಮ್ಮಪ್ಪಂದು ಬಂದೇ ಇಲ್ಲ?"

"ಒಲಿ ಬಂದಿಲ್ಲ. ಮೂಗು ಬಂದದ."

"ಮೂಗು ಬಂದದ್ದು ನಾನೂ ನೋಡೀನಿ. ಒಲಿ ಹ್ಯಾಂಗ ಬಂದೀತು? ಆ ಮನಷ್ಯಾಗ ಚಹಾ ಕಾಸಾಕ ಬರಂಗಿಲ್ಲ."

ನಗಾಡಿದ್ವಿ. ಆದ್ರ ಆಮ್ಯಾಲ ನನಗ ಹಳೇದೊಂದು ನೆನಪಾತು. ನಾವು ಸಣ್ಣವರಿದ್ದಾಗ ಕಡ್ಡಿಪೆಟ್ಟಿಗಿ ಉಳಸಲಿಕ್ಕೆ ಬಾಜೂ ಮನಿಯಿಂದ ಕೆಂಡ ತರ್ತಿದ್ವಿ. ಬೆರಣಿ ಚೂರಿನ ಮ್ಯಾಲ ಕೆಂಡ ಇಟ್ಟುಕೊಂಡು, ಊದಕೋತ ಊದಕೋತ ಬರೂದು. ನಮ್ಮವ್ವನ ಕೆಂಡ ನನ್ನ ಹತ್ರ ಬಂತು, ನಂದು ಮಗಳಿಗಿ ಹೋತು, ಮಗಳದ್ದು ಈ ಖೋಡಿ ಹುಡುಗಿಗಿ. ನಡುವ ಒಮ್ಮೆನೂ ಆರಿಲ್ಲ. ನಮ್ಮವ್ವ ಹೋಗಿ ಎಷ್ಟು ಕಾಲ ಆತು, ಆಕಿ ಒಲಿ ಈ ಹುಡುಗಿ ಒಳಗ ಉರೀಲಕತ್ತದ ಅಂದ್ರ! ನನಗ ತಲಿ ಗಿಮ್ಮ್ ಅಂತು. ತವಾ ಮ್ಯಾಲ ರೊಟ್ಟಿ ಕರ್ರಗಾತು. ಹುಡುಗಿ ಅದನ್ನೂ ತಿಂದಳು, ಒಲಿಗಿ ಬೇಕು ಅಂತ.

ಮಾಸ್ತರ್ ಒಂದು ದಿನ ಸಾಲಿಗಿ ಕರದು ಉಳ್ಳಾಗಡ್ಡಿ ಸಿಪ್ಪಿ ತೋರಸಿದರು. ಉಳ್ಳಾಗಡ್ಡಿ ಹೆಚ್ಚಿ ಹೆಚ್ಚಿ ನನ್ನ ಕಣ್ಣೀರು ಬೀದರಿನ ಒಂದು ಬಾವಿ ತುಂಬಸೂ ಅಷ್ಟು ಹೋಗ್ಯಾವ. ಆದ್ರ ಅದರೊಳಗ ಇಟ್ಟಂಗಿ ಗ್ವಾಡಿ ಅದ ಅಂತ ಯಾವಾಕಿ ಕಂಡಿದ್ದಳು? ಸಾಲಾಗಿ ಉದ್ದುದ್ದ ಇಟ್ಟಂಗಿ, ಹರ ಇಟ್ಟಂಗ್ಯಾಗ ಒಂದು ಚುಕ್ಕಿ. ಗಿಡದ ಕೋಶಕ್ಕ ಪೊರಿ ಹೊರಗ ಮತ್ತೊಂದು ಗಟ್ಟಿ ಗ್ವಾಡಿ ಇರ್ತದಂತ, ಕೋಶಭಿತ್ತಿ. ನಡುವ ದೊಡ್ಡ ನೀರಿನ ಗಡಿಗಿ, ರಸದಾನಿ. ಕೊತ್ತಂಬರಿ ಬಾಡ್ತದಲ್ಲ, ಆ ಗಡಿಗಿ ಬರದಾಗಿ ಬಾಡೂದು. ನೀರು ಚಿಮುಕಿಸಿದ್ರ ಮತ್ತ ಗಡಿಗಿ ತುಂಬಿ ಸೆಟದು ನಿಂದ್ರೂದು.

"ನಮಗ ಯಾಕ ಗ್ವಾಡಿ ಇಲ್ಲ?" ಅಂತ ಮಾಸ್ತರಿಗಿ ಕೇಳಿದೆ.

"ಗ್ವಾಡಿ ಇದ್ರ ನೀವು ಬಗ್ಗಿ ಕಸ ಹೊಡೀಲಿಕ್ಕೆ ಬರ್ತಿತ್ತೇನ್ರಿ, ಆಯಿ?"

"ಬರ್ತಿದ್ದಿಲ್ಲ ಅಂದ್ರ ಚಲೋನೇ ಆಗ್ತಿತ್ತು, ಮಾಸ್ತರೇ."

ಮನಿಗಿ ಬರೂ ಮುಂದ ರಸ್ತಾದಾಗ ನನಗ ಕಾಲು ನೆಲಕ್ಕ ಹತ್ತಲಿಲ್ಲ. ಬೇವಿನ ಗಿಡ ನೋಡಿದ್ರ ಗ್ವಾಡಿ ಗ್ವಾಡಿ ಕಂಡಂಗ, ಎಮ್ಮಿ ನೋಡಿದ್ರ ಒಲಿ ಒಲಿ ಕಂಡಂಗ. ಇಷ್ಟು ವರ್ಷ ನಾ ಒಬ್ಬಾಕಿ ಅಂತ ತಿಳಕೊಂಡು ಒಬ್ಬಾಕಿದೇ ಟಿಕೆಟ್ ತಗೊಂಡೀನಿ. ಈಗ ಹೆಣ್ಮಕ್ಕಳಿಗಿ ಬಸ್ ಪುಕ್ಕಟ ಆದದ್ದು ಚಲೋ ಆತು. ಇಲ್ಲಾಂದ್ರ ಕಂಡಕ್ಟರಿಗಿ ಏನು ಲೆಕ್ಕಾ ಹೇಳ್ತಿದ್ದೆ? ಮ್ಯಾಲ, ಗಲ್ಲದೊಳಗಿನ ಕೋಶ ಹಳೇವು ಉದುರಿ ಹೊಸಾವು ಬರಕೋತನೇ ಇರ್ತಾವಂತ. ಅಂದ್ರ ಹೋದ ದೀಪಾವಳ್ಯಾಗ ಬಾಜೂ ಮನಿಯಾಕಿಗಿ ಬೈದ ಬಾಯಿ ಈ ಬಾಯಿ ಅಲ್ಲೇ ಅಲ್ಲ. ಇದನ್ನ ಆಕಿಗಿ ಹೇಳಿದೆ. ಆಕಿ, "ನಾಲಿಗಿ ಅದೇ ಅದಲ್ಲ?" ಅಂದಳು.

ಬೀದರಿಗಿ ಹೋಗೂ ದಿನ ಮುಂಜಾನಿ ಹುಡುಗಿ ನನ್ನ ಚಂಚಿ, ಅಂದ್ರ ಎಲಿ ಅಡಿಕಿ ಸುಣ್ಣ ಇಡೂ ಚೀಲ, ಕಸಗೊಂಡು ಟ್ರಂಕಿನ್ಯಾಗ ಹಾಕಿ ಕೀಲಿ ಹಾಕಿದಳು. "ಇವತ್ತ ಒಂದು ದಿನ ಆಯಿ. ಬಾಯಿ ಸ್ವಚ್ಛ ಇರಬೇಕು."

"ಇರ್ಲಿ," ಅಂದೆ. ಹಂಗ ಹೇಳೂ ಮುಂದ ಖರೇನೇ ಹೇಳಿದ್ದೆ.

ಬಸ್ಸಿನ್ಯಾಗ ಹುಡುಗಿ ಮತ್ತ ಮಾಸ್ತರ್ ಮುಂದಿನ ಸೀಟಿನ್ಯಾಗ. ದುರ್ಬೀನಿನ ಡಬ್ಬಿ ಹುಡುಗಿ ತೊಡಿ ಮ್ಯಾಲ, ಕೂಸು ಹಿಡದಂಗ ಹಿಡಕೊಂಡಿದ್ದಳು. ತುಟಿ ಅಲುಗಾಡ್ತಿದ್ವು, ದನಿ ಇರಲಿಲ್ಲ. ನನಗ ಹಿಂದ ಸೀಟು ಸಿಕ್ಕಿತು. ಬಾಜೂಕ ನನ್ನ ವಾರಿಗಿ ಒಬ್ಬಾಕಿ ಬುರ್ಖಾದಾಕಿ, ಬೀದರಿನ್ಯಾಗ ಮಗನ ಮನಿಗಿ ಹೊಂಟಿದ್ದಳು. ಮಕ್ಕಳು, ಮಂಡಿ ನೋವು, ಟಮಾಟಿ ರೇಟು, ಎಲ್ಲಾ ಮಾತಾಡಿ ಮುಗಿಸಿದ್ವಿ. ಆಕಿ ಸ್ಟೀಲಿನ ಸಣ್ಣ ಡಬ್ಬಿ ತೆಗದಳು. ಎಲಿಗಿ ಹಚ್ಚೂ ಕೆಂಪು ಕಾತಿನ ವಾಸನಿ ಬಂತು. ನನ್ನ ಬಾಯಾಗಿನ ಕೋಟಿ ಮಂದಿ ಎದ್ದು ಕುಂತರು.

"ಲ್ಯೋ ಅಮ್ಮಾ, ಖಾವ್," ಅಂದಳು, ತಗೊಂಡು ತಿನ್ನು ಅಂತ.

"ನಕ್ಕೋ ಮಾ, ಬ್ಯಾಡ. ಇವತ್ತ ನನ್ನ ಬಾಯಿ ಪರೀಕ್ಷಾ ಅದ."

"ದವಾಖಾನಿಗಿ ಹೊಂಟೀರೇನು?"

"ಇಲ್ಲ, ಸಾಲಿಗಿ."

ಆಕಿ ನಕ್ಕ ರಭಸಕ್ಕ ಬುರ್ಖಾ ಅಲ್ಲಾಡ್ತು. ನಕ್ಕೋತನೇ ಎಲಿ ಮಡಚಿ, ಲವಂಗ ಚುಚ್ಚಿ, ನನ್ನ ಮುಂದ ಹಿಡದಳು.

ಈಗ ಕೇಳ್ರಿ. ನಮ್ಮ ಕಡಿ ಊಟಾ ಒಲ್ಲೆ ಅನಬಹುದು, ಹೊಟ್ಟಿ ತುಂಬ್ಯಾದ ಅಂತ. ಮಡಚಿ ಮುಂದ ಹಿಡದ ಎಲಿ ಒಲ್ಲೆ ಅನ್ನಂಗಿಲ್ಲ. ಎಲಿ ಹೊಟ್ಟಿಗಿ ಕೊಡೂದಲ್ಲ, ಮಾತಿಗಿ ಕೊಡೂದು. ಒಲ್ಲೆ ಅಂದ್ರ ಇಷ್ಟೊತ್ತು ಆಡಿದ ಮಾತೆಲ್ಲ ತಿರುಗಿಸಿ ಮಾರಿ ಮ್ಯಾಲ ಒಗದಂಗ. ತಗೊಂಡೆ, ತಿಂದೆ. ಭಾಳ ಚಲೋ ಇತ್ತು. ಬೀದರ ಬಸ್ ಸ್ಟ್ಯಾಂಡಿನ ನಳದಾಗ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದೆ. ನನ್ನ ತುಟಿ ಹೆಂಗೂ ಸದಾ ಕೆಂಪು, ಹುಡುಗಿಗಿ ಗೊತ್ತಾಗಲಿಲ್ಲ. ಆಕಿ ಅಂತೂ ನೆಲ ನೋಡ್ಕೋತ ನಡದಿದ್ದಳು, ಆನಿ ಬಂದಿದ್ರೂ ಕಾಣ್ತಿದ್ದಿಲ್ಲ.

ಹಾಲ್ ತುಂಬ ಟೇಬಲ್ಲು. ಒಂದು ಕಡಿ ಮನ್ನಳ್ಳಿ ಕಡ್ಯಾವ ಒಬ್ಬ ಗಾಳಿಲೆ ಕರೆಂಟ್ ಮಾಡಿದ್ದ. ಇನ್ನೊಂದು ಕಡಿ ಎಕಂಬಾದವರು ಮಣ್ಣಿಲ್ಲದ ಪಲ್ಯ ಬೆಳದಿದ್ದರು. ನಮ್ಮ ಟೇಬಲ್ ಕಿಡಕಿ ಬಾಜೂಕ. ಮಗಳು ಔರಾದಿಂದ ಬಂದು ಗ್ವಾಡಿಗಿ ಆತು ನಿಂತಿದ್ದಳು, ಸೆರಗಿನ ತುದಿ ಬಾಯಾಗ. ಎದುರಿನ ಸಾಲಿನ್ಯಾಗ ಆ ಹುಡುಗೂರು. ಒಬ್ಬ ಮೆಲ್ಲಕ "ಮಾನ್ಯ" ಅಂದ. ಉಳದವರು ಕಿಸಕ್ ಅಂದರು. ನನ್ನ ಹುಡುಗಿ ತಲಿ ತಗ್ಗಿಸಿದಳು.

"ನನ್ನ ಕಡಿ ನೋಡು," ಅಂದೆ. "ನಾ ಕುಂತೀನಿ. ಒಲಿ ಮುಂದ ಇದ್ದೀವಿ ಅಂತ ತಿಳಕೋ."

ಪರೀಕ್ಷಾ ಮಾಡಾಕ ಬಂದದ್ದು ಒಬ್ಬರು ಮೇಡಂ, ಚಸ್ಮಾದಾಕಿ, ಮಾತು ಕಡಿಮಿ. ಹುಡುಗಿ ನನ್ನ ಮಾರಿ ನೋಡಿ ಸುರು ಮಾಡಿದಳು. "ಆಯಿ, ಇದು ಉಳ್ಳಾಗಡ್ಡಿ..." ದನಿ ಸೊಳ್ಳಿ ದನಿ, ಆದ್ರ ಬಂತು. ಎರಡು ಮಾತು, ಮೂರು ಮಾತು. ನಾ ಉಸರು ಬಿಟ್ಟೆ. ಆಮ್ಯಾಲ ನನ್ನ ಗಲ್ಲ ಕೆರದಳು, ಗಾಜಿಗಿ ಸವರಿದಳು, ನೀಲಿ ಬಿಟ್ಟಳು, ಮುಚ್ಚಿದಳು. "ನೋಡ್ರಿ ಮೇಡಂ."

ಮೇಡಂ ಬಗ್ಗಿ ನೋಡಿದರು. ತಿರುಪು ತಿರುವಿದರು. ಮತ್ತ ನೋಡಿದರು. ಎದ್ದು ನಿಂತು, "ಇದು ಗಿಡದ ಕೋಶ ಅದ," ಅಂದರು. "ಭಿತ್ತಿ ಅದ. ಉಳ್ಳಾಗಡ್ಡಿ ಗಾಜು ಇಲ್ಲಿ ಇಟ್ಟು ತೋರಸ್ಲಿಕ್ಕತ್ತೀಯೇನು? ಹಿಂಗ ಮಾಡಬಾರದಮ್ಮಾ."

ಹುಡುಗಿ ಬಾಯಿ ತೆರೀತು. ತೆರದೇ ಉಳೀತು.

ಹಾಲ್ ಪೂರಾ ನಮ್ಮ ಕಡಿ ತಿರುಗ್ತು. ಮಾಸ್ತರ್ ಮಾರಿ ಸುಣ್ಣಾ. ಮಗಳು ಸೆರಗು ಮಾರಿ ತುಂಬ ಎಳಕೊಂಡಳು. "ಮಾನ್ಯ, ಮಾನ್ಯ" ಅಂತ ಎದುರಿನ ಸಾಲು ಗುಣುಗುಣು ಅಂತು. ನಾ ಏನರೆ ಹೇಳಬೇಕಿತ್ತು. ಆದ್ರ ನನಗ ಮೊದಲ ನೋಡೂ ಆಸಿ ತಡೀಲಿಲ್ಲ. ನನ್ನ ಬಾಯಾಗಿಂದು ಹೌದಲ್ಲೋ? ಮೇಡಂಗ ಬಾಜೂಕ ಸರಿಸಿ ಕಣ್ಣು ಹಚ್ಚಿದೆ.

ಅಯ್ಯಯ್ಯ! ಇಟ್ಟಂಗಿ, ಇಟ್ಟಂಗಿ, ಒಂದಕ್ಕೊಂದು ಹತ್ತಿ ಹೆಣದಂಗ, ಒಳಗ ಹಸಿರು ಕಾಳು ಚೆಲ್ಲಿದಂಗ. ಇಷ್ಟು ಚಂದ ನಾ ಇದ್ದೀನಿ ಅಂತ ನನಗ ಯಾರೂ ಹೇಳಿರಲಿಲ್ಲ.

"ಯವ್ವಾ, ನಾ ಗಿಡ ಇದ್ದೀನೇನು?" ಅಂದೆ. ಜೋರಾಗೇ ಅಂದೆ ಅನಸ್ತದ.

ಹಾಲ್ ಭಡ್ ಅಂತ ನಕ್ತು. ನಗು ಇನ್ನೂ ಮುಗದಿರಲಿಲ್ಲ, ಹುಡುಗಿ ನನ್ನ ದಬ್ಬಿ ತಾ ನೋಡಿದಳು. ತಲಿ ಎತ್ತಿದಾಗ ಆಕಿ ಮಾರಿ ಬ್ಯಾರೆನೇ ಆಗಿತ್ತು.

"ಆಯೀ! ಬಾಯಿ ತೆಗಿ!"

ಆ ದನಿ ಕಿಡಕಿ ಗಾಜಿಗಿ ಬಡದು ಬಂತು. ನಾ ತೆಗದೆ. ಯಾವಾಕಿ ತೆಗ್ಯಂಗಿಲ್ಲ ಅಂಥ ದನಿಗಿ?

"ನಾಲಿಗಿ ಎತ್ತು. ಆ ಕಡಿ. ಹಿಂದಿನ ಹಲ್ಲು ತೋರಸು. ಪಾನ್ ತಿಂದಿಯೇನು? ಯಾರು ಕೊಟ್ಟರು? ಚಂಚಿ ಟ್ರಂಕಿನ್ಯಾಗ ಅದ, ಕೀಲಿ ನನ್ನ ಹತ್ರ ಅದ, ನಿನಗ ಪಾನ್ ಎಲ್ಲಿಂದ ಬಂತು?"

"ಬಸ್ಸಿನ್ಯಾಗ ಒಬ್ಬಾಕಿ ಕೊಟ್ಟಳು. ಹ್ಯಾಂಗ ಒಲ್ಲೆ ಅನ್ನೂದು?"

"ಬಾಯಿಲೆ ಅನ್ನೂದು!"

ಆಮ್ಯಾಲ ಮೇಡಂ ಕಡಿ ತಿರುಗಿದಳು. ಸಿಟ್ಟಿನ ದನಿ ಹಂಗೇ ಇತ್ತು, ಇಳಸಾಕ ಮರತಿದ್ದಳು. "ಮೇಡಂ, ಇದು ಗಿಡದ ಕೋಶ ಹೌದ್ರಿ, ಆದ್ರ ಉಳ್ಳಾಗಡ್ಡಿದು ಅಲ್ರಿ. ಉಳ್ಳಾಗಡ್ಡಿ ನೆಲದ ಕೆಳಗ ಬೆಳೀತದ, ಬಿಸಲು ಕಾಣಂಗಿಲ್ಲ. ಅದರ ಸಿಪ್ಪ್ಯಾಗ ಹಸಿರು ಕಾಳು ಇರಂಗಿಲ್ರಿ. ಇಲ್ಲಿ ಹಸಿರು ಕಾಳು ಅವ, ಕ್ಲೋರೋಪ್ಲಾಸ್ಟ್. ಬಿಸಲು ತಿಂದು ಅಡಗಿ ಮಾಡೂದು ಎಲಿ ಅಷ್ಟೇ. ಅಂದ್ರ ಇದು ಎಲಿ. ಅಂಚಿಗಿ ಕೆಂಪು ಕಾಣ್ತದ ನೋಡ್ರಿ, ಅದು ಕಾತು. ಅಂದ್ರ ಪಾನು. ನಮ್ಮಾಯಿ ಬಾಯಾಗಿನ ಪಾನು. ನಾ ಗಾಜು ಬದಲ ಮಾಡಿಲ್ರಿ. ನಂಬಿಕಿ ಇಲ್ಲಂದ್ರ ಎರಡೂ ಬಾಜೂ ಬಾಜೂ ಇಟ್ಟು ನೋಡ್ರಿ!"

ಮೇಡಂ ಎರಡೂ ನೋಡಿದರು. ಉಳ್ಳಾಗಡ್ಡಿ ನೋಡಿದರು, ನನ್ನ ಗಲ್ಲ ನೋಡಿದರು, ಮತ್ತ ಉಳ್ಳಾಗಡ್ಡಿ. ಆಮ್ಯಾಲ ಚಸ್ಮಾ ತೆಗದು ಸೆರಗಿಲೆ ಒರಸಿಕೊಂಡರು. ನಗಿ ಮುಚ್ಚಲಿಕ್ಕೆ ಅಂತ ನನಗ ಗೊತ್ತಾತು. "ನಂದು ತಪ್ಪಾತಮ್ಮಾ," ಅಂದರು. "ಎಲಿನೇ ಅದ. ಈಗ ಆಯಿದು ತೋರಸು."

ಹುಡುಗಿ ನನಗ ನಳದ ಹತ್ರ ಒಯ್ದು ನಿಂದ್ರಸಿದಳು. ಮುಕ್ಕಳಿಸು ಅಂದಳು, ಮುಕ್ಕಳಿಸಿದೆ. ಮತ್ತ ಅಂದಳು, ಮತ್ತ. ಬಟ್ಟಿಲೆ ಹಲ್ಲು ಒರಸಿದಳು, ನನ್ನ ಮಗಳಿಗಿ ಸಣ್ಣಾಕಿದ್ದಾಗ ನಾ ಒರಸ್ತಿದ್ದಂಗ. ಆ ಕಡಿ ಗಲ್ಲ ಕೆರದಳು. ಈ ಸಲ ಕಂಡದ್ದು ಬ್ಯಾರೆ. ಗ್ವಾಡಿ ಇಲ್ಲ, ಸಾಲಿಲ್ಲ. ತೆಳ್ಳಗ ಹರವಿದ ಹಪ್ಪಳದಂಗ, ಒಂದೊಂದು ಒಂದೊಂದು ಆಕಾರ, ಅಂಚು ಮಡಚಿಕೊಂಡು, ನಡುವ ನೀಲಿ ಚುಕ್ಕಿ. ಗಿಡದಷ್ಟು ಚಂದ ಇರಲಿಲ್ಲ, ಖರೇ ಹೇಳ್ತೇನಿ. ಆದ್ರ ನಂದು.

ಹುಡುಗಿ ಈಗ ನನಗ ಹೇಳೂದು ಬಿಟ್ಟು ಎಲ್ಲರಿಗೂ ಹೇಳಲಕತ್ತಿದ್ದಳು. ಮ್ಯಾಲಿಂದ ಕೆಳಗ ನನಗ ಬೊಟ್ಟು ಮಾಡಿ, ನಾ ಗ್ವಾಡಿಗಿ ತೂಗ ಹಾಕಿದ ಚಿತ್ರ ಇದ್ದಂಗ. "ಇದು ಕೋಶಪೊರಿ, ನಮ್ಮಾಯಿ ಕಟ್ಟಿ ಮ್ಯಾಲ ಕುಂತಂಗ." ಮಂದಿ ನಕ್ಕರು. "ಇದು ಕೋಶಕೇಂದ್ರ, ನಮ್ಮಾಯಿ ಅತ್ತಿ ಇದ್ದಂಗ, ಹೊರಗ ಬರಂಗಿಲ್ಲ." ಮತ್ತ ನಕ್ಕರು. ಆಕಿ ನಗಿ ಮುಗಿಯೂ ತನ ನಿಂತು ಕಾಯ್ದು ಮುಂದ ಹೇಳ್ತಿದ್ದಳು. ಅದನ್ನ ಯಾರು ಕಲಸಿದರೋ ಗೊತ್ತಿಲ್ಲ, ಕಲಸೂ ಮಾತಲ್ಲ ಅದು.

ಮೇಡಂ ಕೇಳಿದರು, "ಮೈಟೋಕಾಂಡ್ರಿಯಾ ಇಲ್ಲಿ ಕಾಣ್ತಾವೇನು?"

"ಈ ದುರ್ಬೀನಿನ್ಯಾಗ ಚಂದಂಗ ಕಾಣಂಗಿಲ್ರಿ. ಆದ್ರ ಅವ. ಅವು ಇದ್ದದ್ದಕ್ಕೇ ನಮ್ಮಾಯಿ ಇಷ್ಟು ಒದರ್ತಾಳ. ಅವು ಅವ್ವನ ಕಡಿಂದ ಬರ್ತಾವ್ರಿ. ಆಯಿದು ನಮ್ಮವ್ವಗ ಬಂತು, ನಮ್ಮವ್ವಂದು ನನಗ. ಅಲ್ಲಿ ನಿಂತಾಳ ನೋಡ್ರಿ ನಮ್ಮವ್ವ, ಸೆರಗು ಮುಚ್ಚಿಕೊಂಡಾಕಿ. ಅವ್ವಾ, ಸೆರಗು ತೆಗಿ!"

ಮಗಳು ಸೆರಗು ತೆಗದಳು. ಕಣ್ಣು ಮೂಗು ಎಲ್ಲಾ ಒಂದೇ ಆಗಿತ್ತು, ಆದ್ರ ನಗ್ತಿದ್ದಳು. ಎದುರಿನ ಸಾಲು ನೋಡಿದೆ. "ಮಾನ್ಯ" ಅಂದಾಂವ ಬಾಯಿ ತೆರಕೊಂಡು ಕೇಳಲಕತ್ತಿದ್ದ. ಅವನ ಸ್ನೇಹಿತ ಬಂದು, "ಆಯಿ, ನಂದೂ ಗಲ್ಲ ಕೆರೀತಾಳೇನ್ರಿ ಆಕಿ?" ಅಂತ ನನಗೇ ಕೇಳಿದ. "ಗುಟ್ಕಾ ಗಿಟ್ಕಾ ತಿಂದಿಯೇನು ಮೊದಲ ಹೇಳು," ಅಂದೆ. ಅವ ತಿರುಗಿ ನೋಡದ ಹೋದ.

ಮೊದಲ ನಂಬರ್ ಬರಲಿಲ್ಲ. ಗಾಳಿಲೆ ಕರೆಂಟ್ ಮಾಡಿದವಗ ಹೋತು. ಅದೂ ಚಲೋನೇ ಇತ್ತು, ಬಲ್ಬ್ ಖರೇನೇ ಹತ್ತಿತ್ತು. ಹುಡುಗಿ ನಂಬರಿನ ಸುದ್ದಿ ಕೇಳಿಸಿಕೊಂಡಳೋ ಇಲ್ಲೋ, ಮೇಡಂ ಜೋಡಿ ಬಾಗಲದಾಗ ನಿಂತು ಇನ್ನೂ ವಾದ ಮಾಡಲಕತ್ತಿದ್ದಳು.

ಬಸ್ ಸ್ಟ್ಯಾಂಡಿನ್ಯಾಗ ಮಗಳು ಔರಾದ ಬಸ್ಸು ಹತ್ತಿದಳು. ಹತ್ತೂ ಮುಂದ ನನ್ನ ಕಿವ್ಯಾಗ, "ಅವ್ವಾ, ಆ ಪಾನು ಕೊಟ್ಟಾಕಿ ಯಾರು?" ಅಂದಳು. ಹೆಸರು ಕೇಳೂದು ಮರತಿದ್ದೆ. ಮಂಡಿ ನೋವು ಎಡಕ್ಕೋ ಬಲಕ್ಕೋ ಅಂತ ಸೈತ ಕೇಳಿದ್ದೆ, ಹೆಸರು ಕೇಳಿರಲಿಲ್ಲ.

ಭಾಲ್ಕಿ ತನ ಹುಡುಗಿ ಮಾತು ನಿಂದ್ರಸಲಿಲ್ಲ. ನನ್ನ ಜೋಡಿ ಅಲ್ಲ. ಕಂಡಕ್ಟರ್ ಜೋಡಿ, ಹಿಂದಿನ ಸೀಟಿನಾಕಿ ಜೋಡಿ, ಆಕಿ ಕಂಕುಳಾಗಿನ ಕೂಸಿನ ಜೋಡಿ. ನಾ ನಾಕು ಸಲ ನಡುವ ಮಾತು ಹಾಕಾಕ ಹೋದೆ. ಜಾಗಾನೇ ಸಿಗಲಿಲ್ಲ.

ಮರುದಿನ ಮುಂಜಾನಿ ನಾ ಏಳೂ ಮೊದಲೇ ಆಕಿ ಎದ್ದು ಕಟ್ಟಿ ಮ್ಯಾಲ ನಿಂತು ಹಾಲಿನವಗ ಹಾಲಿನ್ಯಾಗ ಏನೇನು ಇರ್ತದ ಅಂತ ಹೇಳಲಕತ್ತಿದ್ದಳು. ಅವ ಪಾಪ, ಕ್ಯಾನ್ ಇಳಸಾಕ ಬಿಟ್ಟಿರಲಿಲ್ಲ. ನನಗೂ ಅವಗ ಹೇಳೂದು ಎರಡು ಮಾತು ಇದ್ದವು, ನೀರಿನ ಬಗ್ಗೆ. ಬಾಗಲದಾಗ ನಿಂತೆ. ಆಮ್ಯಾಲ ಒಳಗ ಹೋಗಿ ಹುಡುಗಿ ದಿಂಬಿನ ಕೆಳಗಿಂದ ಕೀಲಿ ತಗೊಂಡು ಟ್ರಂಕು ತೆರದೆ. ಚಂಚಿಯಾಗಿಂದ ದೊಡ್ಡ ಎಲಿ ಆರಿಸಿ, ತೊಟ್ಟು ಚಿವುಟಿ, ಸುಣ್ಣ ಹಚ್ಚಿ, ಅಡಿಕಿ ಇಟ್ಟು ಮಡಚಿ, ಗಲ್ಲದಾಗ ಒತ್ತಿ ಇಟ್ಟುಕೊಂಡೆ. ಬಾಯಿ ಮುಚ್ಚಿಕೊಂಡು ಬಂದು ಆಕಿ ಬಾಜೂಕ ಕಟ್ಟಿ ಮ್ಯಾಲ ಕುಂತೆ. ಮನ್ಯಾಗ ಒಬ್ಬರರ ಸುಮ್ಮಕ ಇರಬೇಕಲ್ಲ.